ಡ್ರೋನ್ ಹಾರಾಟದ ಸೆಟ್ಟಿಂಗ್ಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಡ್ರೋನ್ ಹಾರಿಸುವವರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಎದುರು ಸಿಕ್ಕಾಗ ಕೇಳಿದವು, ಬರೆದು ಕೇಳಿದವು ಎಲ್ಲವನ್ನೂ ಇಲ್ಲಿ ಒಟ್ಟು ಹಾಕಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಅಂಕಿಗಳು ಹೆಚ್ಚಾಗಿ ಬೀಟಾಫ್ಲೈಟ್‌ನವು. ಅದು ಹಾರಾಟ ನಿಯಂತ್ರಿಸುವ ಬೋರ್ಡ್‌ನೊಳಗೆ ಓಡುವ ತಂತ್ರಾಂಶ, ಅಂದರೆ ಫರ್ಮ್‌ವೇರ್. ಬೇರೆ ಫರ್ಮ್‌ವೇರ್ ಬಂದ ಕಡೆ ಹೆಸರು ಹೇಳಿದ್ದೇನೆ.

## ಶುರುವಿನಲ್ಲಿ

ಹೊಸ ಡ್ರೋನ್ ಜೋಡಿಸಿದ್ದೀನಿ. ಮೊದಲು ಯಾವ ಸೆಟ್ಟಿಂಗ್ ಬದಲಾಯಿಸಲಿ?

ಪಿಐಡಿಯನ್ನಂತೂ (ಡ್ರೋನ್ ತನ್ನನ್ನು ಎಷ್ಟು ಬಲವಾಗಿ ತಿದ್ದಿಕೊಳ್ಳಬೇಕು ಅನ್ನುವ ಅಂಕಿಗಳನ್ನು) ಬೇಡ. ಮೊದಲು ಪ್ರಾಪ್‌ಗಳನ್ನು (ಮೋಟಾರ್ ಮೇಲಿನ ತಿರುಗುವ ರೆಕ್ಕೆಗಳನ್ನು) ಬಿಚ್ಚಿ ಪಕ್ಕಕ್ಕಿಡಿ. ಮೇಜಿನ ಮೇಲೆ ಕೆಲಸ ಮಾಡುವಾಗ ಪ್ರಾಪ್ ಇರಬಾರದು, ಇದಕ್ಕೆ ವಿನಾಯಿತಿ ಇಲ್ಲ.

ಆಮೇಲೆ ಕಂಪ್ಯೂಟರ್‌ಗೆ ಸಿಕ್ಕಿಸಿ, ಸೆಟ್ಟಿಂಗ್ ಬದಲಾಯಿಸುವ ಆ್ಯಪ್ ಆದ ಕಾನ್ಫಿಗರೇಟರ್ ತೆರೆಯಿರಿ. ಡ್ರೋನ್‌ನ ಮೂತಿಯನ್ನು ಕೆಳಗೆ ಬಾಗಿಸಿ. ತೆರೆಯ ಮೇಲಿನ ಚಿತ್ರವೂ ಹಾಗೇ ಬಾಗಬೇಕು. ಬಲಕ್ಕೆ ವಾಲಿಸಿದರೆ ಅದೂ ಬಲಕ್ಕೆ ವಾಲಬೇಕು. ಉಲ್ಟಾ ಆದರೆ ಬೋರ್ಡ್ ಕೂರಿಸಿದ ದಿಕ್ಕನ್ನು ಸೆಟ್ಟಿಂಗ್‌ನಲ್ಲಿ ತಿದ್ದಿ. ರಿಸೀವರ್ ಪುಟದಲ್ಲಿ ಸ್ಟಿಕ್ ನಡುವೆ ಇದ್ದಾಗ 1500, ತುದಿಗಳಲ್ಲಿ 1000 ಮತ್ತು 2000ದ ಹತ್ತಿರ ಕಾಣಬೇಕು. ಕೊನೆಗೆ ಮೋಟಾರ್‌ಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ. ಇಷ್ಟು ಸರಿ ಇದ್ದರೆ ಡೀಫಾಲ್ಟ್ ಟ್ಯೂನ್‌ನಲ್ಲೇ ಡ್ರೋನ್ ಹಾರುತ್ತದೆ.

ಏನನ್ನಾದರೂ ಮುಟ್ಟುವ ಮೊದಲು ಸಿಎಲ್‌ಐನಲ್ಲಿ (ಕಾನ್ಫಿಗರೇಟರ್‌ನಲ್ಲಿ ಆಜ್ಞೆ ಟೈಪ್ ಮಾಡುವ ಪುಟದಲ್ಲಿ) 'ಡಿಫ್ ಆಲ್' (diff all) ಕೊಟ್ಟು ಬಂದದ್ದನ್ನು ಒಂದು ಫೈಲ್‌ನಲ್ಲಿ ಉಳಿಸಿಕೊಳ್ಳಿ. ಅರ್ಧ ನಿಮಿಷದ ಕೆಲಸ.

ಆಂಗಲ್, ಹರೈಜನ್, ಆಕ್ರೋ ಅಂತ ಇದೆ. ಯಾವುದರಲ್ಲಿ ಕಲಿಯೋದು?

ಆಂಗಲ್ ಮೋಡ್‌ನಲ್ಲಿ ಸ್ಟಿಕ್ ಎಷ್ಟು ಸರಿಸಿದಿರೋ ಡ್ರೋನ್ ಅಷ್ಟು ವಾಲುತ್ತದೆ, ಬಿಟ್ಟರೆ ತಾನೇ ಸಮಕ್ಕೆ ಬರುತ್ತದೆ. ಆಕ್ರೋದಲ್ಲಿ ಸ್ಟಿಕ್ ಹೇಳುವುದು ತಿರುಗುವ ವೇಗವನ್ನು. ಸ್ಟಿಕ್ ಬಿಟ್ಟರೆ ತಿರುಗುವುದು ನಿಲ್ಲುತ್ತದೆ, ಆದರೆ ವಾಲಿದ್ದು ವಾಲಿದಂತೆಯೇ ಇರುತ್ತದೆ. ಹರೈಜನ್ ಇವೆರಡರ ಬೆರಕೆ. ಅದರಲ್ಲಿ ಕಲಿತವರು ಕೊನೆಗೆ ಎರಡನ್ನೂ ಸರಿಯಾಗಿ ಕಲಿಯುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಡ್ರೋನ್ ಕ್ಯಾಮೆರಾದ ದೃಶ್ಯ ತೋರಿಸುವ ಕನ್ನಡಕ ಹಾಕಿಕೊಂಡು ಎಫ್‌ಪಿವಿ ಹಾರಿಸುವ ಆಸೆ ಇದ್ದರೆ ಸಿಮ್ಯುಲೇಟರ್‌ನಲ್ಲಿ ನೇರ ಆಕ್ರೋದಿಂದಲೇ ಶುರು ಮಾಡಿ. ಅಲ್ಲಿ ನೂರು ಸಲ ಬಿದ್ದರೂ ಒಂದು ಪ್ರಾಪ್ ಮುರಿಯುವುದಿಲ್ಲ, ಅಲ್ವಾ?

ಇನ್ನೊಂದು ವಿಷಯ. ಆಂಗಲ್ ಮೋಡ್ ಡ್ರೋನನ್ನು ಸಮವಾಗಿ ಇಡುತ್ತದೆ, ಅಷ್ಟೇ. ಇದ್ದ ಜಾಗದಲ್ಲೇ ನಿಲ್ಲಿಸುವುದಿಲ್ಲ. ಗಾಳಿ ಬಂದರೆ ಸಮವಾಗಿಯೇ ತೇಲಿಕೊಂಡು ಹೋಗುತ್ತದೆ.

ಆರ್ಮ್ ಆಗ್ತಾನೇ ಇಲ್ಲ. ಬೋರ್ಡ್ ಹೋಯ್ತಾ?

ಆರ್ಮ್ ಅಂದರೆ ಮೋಟಾರ್ ತಿರುಗಿಸಲು ಬೋರ್ಡ್ ಸಿದ್ಧವಾಗುವುದು. ಹತ್ತರಲ್ಲಿ ಒಂಬತ್ತು ಸಲ ಬೋರ್ಡ್ ಚೆನ್ನಾಗಿಯೇ ಇರುತ್ತದೆ. ಯಾವುದೋ ಕಾರಣಕ್ಕೆ ಅದೇ ಬೇಡ ಅನ್ನುತ್ತಿರುತ್ತದೆ. ಥ್ರಾಟಲ್ (ಮೋಟಾರ್ ವೇಗದ ಸ್ಟಿಕ್) ಪೂರ್ತಿ ಕೆಳಗಿಲ್ಲ, ರಿಸೀವರ್ ಸಿಗ್ನಲ್ ಇಲ್ಲ, ಡ್ರೋನ್ 25 ಡಿಗ್ರಿಗಿಂತ ಜಾಸ್ತಿ ವಾಲಿದೆ, ಆಕ್ಸೆಲೆರೋಮೀಟರ್ (ಯಾವುದು ಸಮ ಅಂತ ತಿಳಿಸುವ ಸೆನ್ಸರ್) ಕ್ಯಾಲಿಬ್ರೇಟ್ ಆಗಿಲ್ಲ, ಇಲ್ಲವೇ ಕಾನ್ಫಿಗರೇಟರ್ ಇನ್ನೂ ತೆರೆದೇ ಇದೆ. ಸಿಎಲ್‌ಐನಲ್ಲಿ 'ಸ್ಟೇಟಸ್' ಅಂತ ಕೊಟ್ಟರೆ ಕೊನೆಯಲ್ಲಿ ಕಾರಣದ ಹೆಸರು ಬರುತ್ತದೆ. ಕಂಪ್ಯೂಟರ್‌ಗೆ ಸಿಕ್ಕಿಸಿರುವಾಗ 'ಎಂಎಸ್‌ಪಿ' ಅಂತ ಕಂಡರೆ ತಲೆ ಕೆಡಿಸಿಕೊಳ್ಳಬೇಡಿ, ಕೇಬಲ್ ತೆಗೆದರೆ ಅದು ಹೋಗುತ್ತದೆ.

ಮೇಲೆದ್ದ ತಕ್ಷಣ ಮಗುಚಿ ಬೀಳುತ್ತೆ. ಪಿಐಡಿ ತಪ್ಪಾಗಿದೆಯಾ?

ಇಲ್ಲ. ಪಿಐಡಿ ಕೆಟ್ಟದಾಗಿದ್ದರೂ ಸಾಮಾನ್ಯವಾಗಿ ಡ್ರೋನ್ ನಡುಗುತ್ತಾ ಮೇಲೇಳುತ್ತದೆ. ಎದ್ದ ಕೂಡಲೇ ಬೋರಲು ಬಿದ್ದರೆ ಅದರ ತಿದ್ದುಪಡಿ ಉಲ್ಟಾ ದಿಕ್ಕಿಗೆ ಹೋಗುತ್ತಿದೆ ಅಂತ ಅರ್ಥ. ಬಲಕ್ಕೆ ವಾಲಿದಾಗ ಬಲಗಡೆಯ ಮೋಟಾರ್‌ಗಳು ಜೋರಾಗಬೇಕು. ಎಡಗಡೆಯವು ಜೋರಾದರೆ ಇನ್ನೂ ಬಲಕ್ಕೇ ವಾಲುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು.

ಮೋಟಾರ್‌ಗಳ ಕ್ರಮ ನೋಡಿ. ಬೀಟಾಫ್ಲೈಟ್‌ನಲ್ಲಿ 1 ಹಿಂದಿನ ಬಲ, 2 ಮುಂದಿನ ಬಲ, 3 ಹಿಂದಿನ ಎಡ, 4 ಮುಂದಿನ ಎಡ. ಪ್ರಾಪ್ ಬಿಚ್ಚಿ ಒಂದೊಂದೇ ತಿರುಗಿಸಿ, ಸಣ್ಣ ಕಾಗದದ ಚೂರನ್ನು ಮೋಟಾರ್‌ನ ಅಂಚಿಗೆ ತಾಗಿಸಿ. ಕಾಗದ ಯಾವ ಕಡೆ ಎಳೆಯಿತು ಅನ್ನುವುದರ ಮೇಲೆ ದಿಕ್ಕು ಗೊತ್ತಾಗುತ್ತದೆ. ಆಮೇಲೆ ಪ್ರಾಪ್‌ಗಳು ಆಯಾ ದಿಕ್ಕಿನವೇನಾ, ತಲೆಕೆಳಗಾಗಿ ಹಾಕಿಲ್ಲ ತಾನೇ ಅಂತ ನೋಡಿ.

ಮಗುಚದೆ ಬುಗುರಿಯಂತೆ ಸುತ್ತಿದರೆ ಸಮಸ್ಯೆ ಬೇರೆ. ಮೋಟಾರ್‌ಗಳು ನಿಜವಾಗಿ ತಿರುಗುವ ದಿಕ್ಕಿಗೂ, ಬೋರ್ಡ್ ಅಂದುಕೊಂಡಿರುವ ದಿಕ್ಕಿಗೂ ತಾಳೆ ಇಲ್ಲ. ಮೋಟಾರ್ ಪುಟದಲ್ಲಿ ದಿಕ್ಕು ಉಲ್ಟಾ ಅನ್ನುವ ಒಂದು ಗುಂಡಿ ಇದೆ. ನಾನು ಒಂದು ಸಲ ಅದನ್ನು ಮರೆತು ಹುಲ್ಲಿನ ಮೇಲೆ ಆರ್ಮ್ ಮಾಡಿದೆ. ಡ್ರೋನ್ ಎದ್ದು ಗಿರಗಿರ ಸುತ್ತಿ ನನ್ನ ಕಡೆಗೇ ಬಂತು. ಅವತ್ತಿನಿಂದ ಮೊದಲ ಹಾರಾಟಕ್ಕೆ ಹತ್ತು ಹೆಜ್ಜೆ ಹಿಂದೆ ನಿಲ್ಲುತ್ತೇನೆ.

ಸ್ಟಿಕ್ ಮುಟ್ಟದೇ ಇದ್ದರೂ ಒಂದೇ ಕಡೆ ಜಾರುತ್ತೆ. ಟ್ರಿಮ್ ಹಾಕಲಾ?

ರಿಮೋಟ್‌ನ ಟ್ರಿಮ್ ಗುಂಡಿಗಳನ್ನು ಮುಟ್ಟಬೇಡಿ. ಹಳೆಯ ಆರ್‌ಸಿ ವಿಮಾನಗಳಿಗೆ ಅವು ಬೇಕಿದ್ದವು. ಇಲ್ಲಿ ಟ್ರಿಮ್ ಹಾಕಿದರೆ ಸ್ಟಿಕ್‌ನ ನಡು 1500 ಬಿಟ್ಟು ಸರಿಯುತ್ತದೆ, ಆಕ್ರೋದಲ್ಲಿ ಡ್ರೋನ್ ನಿಧಾನಕ್ಕೆ ಉರುಳುತ್ತಲೇ ಇರುತ್ತದೆ. ಆಂಗಲ್ ಮೋಡ್‌ನಲ್ಲಿ ಜಾರುತ್ತಿದ್ದರೆ ಸಮತಟ್ಟಾದ ಜಾಗದಲ್ಲಿಟ್ಟು ಆಕ್ಸೆಲೆರೋಮೀಟರ್ ಮತ್ತೆ ಕ್ಯಾಲಿಬ್ರೇಟ್ ಮಾಡಿ. ಗಾಳಿ ಇಲ್ಲದ ಹೊತ್ತಲ್ಲಿ ಹಾರಿಸಿ ನೋಡಿ, ಆಮೇಲೆ ತೀರ್ಮಾನಿಸಿ.

## ಕೈಗೆ ತಕ್ಕಂತೆ

ಸ್ಟಿಕ್ ಸ್ವಲ್ಪ ಮುಟ್ಟಿದರೂ ಎಗರಿಬೀಳುತ್ತೆ. ಮೆತ್ತಗೆ ಮಾಡೋದು ಹೇಗೆ?

ಇದು ರೇಟ್ಸ್ ವಿಷಯ. ರೇಟ್ಸ್ ಅಂದರೆ ನಿಮ್ಮ ಬೆರಳಿಗೂ ಡ್ರೋನ್‌ಗೂ ನಡುವಿನ ಒಪ್ಪಂದ: ಸ್ಟಿಕ್ ಇಷ್ಟು ಸರಿಸಿದರೆ ಇಷ್ಟು ವೇಗದಲ್ಲಿ ತಿರುಗು ಅಂತ.

ಬೀಟಾಫ್ಲೈಟ್‌ನ ಈಚಿನ ಆವೃತ್ತಿಗಳಲ್ಲಿ 'ಆಕ್ಚುವಲ್' ರೇಟ್ಸ್ ಇದೆ. ಅದರಲ್ಲಿ ಮೂರೇ ಅಂಕಿ. ಮೊದಲನೆಯದು ಸ್ಟಿಕ್ ನಡುವೆ ಇರುವಾಗಿನ ಚುರುಕು, ಎರಡನೆಯದು ಪೂರ್ತಿ ತಳ್ಳಿದಾಗಿನ ಗರಿಷ್ಠ ವೇಗ, ಮೂರನೆಯದು ಎಕ್ಸ್‌ಪೋ, ಅಂದರೆ ಇವೆರಡರ ನಡುವಿನ ಗೆರೆ ಎಷ್ಟು ಬಾಗಬೇಕು ಅನ್ನುವುದು. ಡೀಫಾಲ್ಟ್ 70, 670, 0. ಸೆಕೆಂಡಿಗೆ 670 ಡಿಗ್ರಿ ಅಂದರೆ ಒಂದು ಪೂರ್ತಿ ಪಲ್ಟಿಗೆ ಅರ್ಧ ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ. ಕಲಿಯುವವರಿಗೆ, ವಿಡಿಯೋ ತೆಗೆಯುವವರಿಗೆ ಇಷ್ಟು ಬೇಕಾಗಿಲ್ಲ. ಎರಡನೇ ಅಂಕಿಯನ್ನು 400ಕ್ಕೆ ಇಳಿಸಿ. ಇನ್ನೂ ಬೆರಳು ನಡುಗಿದ್ದು ವಿಡಿಯೋದಲ್ಲಿ ಕಂಡರೆ ಮೊದಲನೆಯದನ್ನು 50ರ ಆಸುಪಾಸಿಗೆ ತನ್ನಿ.

ಅಂಗಡಿಯಿಂದ ರೆಡಿಮೇಡ್ ಬರುವ ಕ್ಯಾಮೆರಾ ಡ್ರೋನ್‌ಗಳಲ್ಲೂ ಇದೇ ಇದೆ, ಹೆಸರು ಬೇರೆ ಅಷ್ಟೇ. ಆ್ಯಪ್‌ನಲ್ಲಿ ಗೇನ್, ಎಕ್ಸ್‌ಪೋ ಅಂತ ಹುಡುಕಿ. ಏನೂ ಬೇಡ ಅನ್ನಿಸಿದರೆ ಸಿನಿ ಮೋಡ್‌ಗೆ ಹಾಕಿ ಬಿಡಿ. ಸ್ಪೋರ್ಟ್ ಮೋಡ್‌ನಲ್ಲಿ ಹಲವು ಮಾದರಿಗಳ ಅಡೆತಡೆ ಗುರುತಿಸುವ ಸೆನ್ಸರ್ ಕೆಲಸ ಮಾಡುವುದಿಲ್ಲ ಅನ್ನುವುದು ನೆನಪಿರಲಿ.

ರೇಟ್ಸ್ ಬದಲಾಯಿಸಿದ ಮೇಲೆ ಮೂರು ನಾಲ್ಕು ಬ್ಯಾಟರಿ ಹಾರಿಸಿ. ಬೆರಳು ಒಗ್ಗಿಕೊಳ್ಳುವ ಮೊದಲೇ ಮತ್ತೆ ಬದಲಾಯಿಸುತ್ತಾ ಹೋದರೆ ಯಾವ ಅಂಕಿಯೂ ಹಿಡಿಸುವುದಿಲ್ಲ.

ಒಂದೇ ಎತ್ತರದಲ್ಲಿ ನಿಲ್ಲಿಸೋಕೆ ಆಗಲ್ಲ. ಥ್ರಾಟಲ್ ಕೂದಲೆಳೆ ಸರಿಸಿದರೂ ಮೇಲೆ ಕೆಳಗೆ ಆಗುತ್ತೆ.

ಶಕ್ತಿ ಜಾಸ್ತಿ ಇರುವ 5 ಇಂಚಿನ ಡ್ರೋನ್ ಸುಮಾರು ಕಾಲು ಭಾಗ ಥ್ರಾಟಲ್‌ನಲ್ಲೇ ಗಾಳಿಯಲ್ಲಿ ನಿಲ್ಲುತ್ತದೆ. ಅಲ್ಲಿ ಸ್ಟಿಕ್‌ಗೆ ಆಡುವುದಕ್ಕೆ ಜಾಗ ಕಡಿಮೆ. ಥ್ರಾಟಲ್ ಮಿಡ್ ಅನ್ನುವುದನ್ನು ನಿಮ್ಮ ಡ್ರೋನ್ ನಿಲ್ಲುವ ಮಟ್ಟಕ್ಕೆ ತನ್ನಿ, ಎಕ್ಸ್‌ಪೋವನ್ನು 0.3ರಿಂದ ಶುರು ಮಾಡಿ. ಗ್ರಾಫ್‌ನ ಗೆರೆ ಆ ಜಾಗದಲ್ಲಿ ಚಪ್ಪಟೆಯಾಗುವುದು ಕಾಣುತ್ತದೆ. ಒಳಾಂಗಣದಲ್ಲಿ ಹಾರಿಸುವುದಾದರೆ ಥ್ರಾಟಲ್ ಮಿತಿಯನ್ನು ಸ್ಕೇಲ್ ಮಾಡಿ 70 ಶೇಕಡಕ್ಕೆ ಇಳಿಸುವುದು ಇನ್ನೂ ಸುಲಭ.

ಬ್ಯಾಟರಿ ವಾರ್ನಿಂಗ್ ಎಷ್ಟಕ್ಕೆ ಇಡಬೇಕು? ನಂದು ಥ್ರಾಟಲ್ ಕೊಟ್ಟಾಗೆಲ್ಲ ಕೂಗುತ್ತೆ.

ಲಿಪೋ ಸೆಲ್ ಪೂರ್ತಿ ತುಂಬಿದಾಗ 4.2 ವೋಲ್ಟ್. ಬೀಟಾಫ್ಲೈಟ್ 3.5ಕ್ಕೆ ಎಚ್ಚರಿಸುತ್ತದೆ, 3.3ಕ್ಕೆ ಬಂದರೆ ಡ್ರೋನನ್ನು ನೆಲಕ್ಕಿಳಿಸಿ ಅನ್ನುತ್ತದೆ. ನಾಲ್ಕು ಸೆಲ್‌ನ ಪ್ಯಾಕ್ ಆದರೆ 16.8ರಿಂದ ಹೊರಟು 14ಕ್ಕೆ ಮೊದಲ ಎಚ್ಚರಿಕೆ. ಇವನ್ನು ಬದಲಾಯಿಸುವ ಅಗತ್ಯ ಕಡಿಮೆ.

ಥ್ರಾಟಲ್ ಜೋರು ಮಾಡಿದಾಗ ವೋಲ್ಟೇಜ್ ಕುಸಿಯುತ್ತದೆ, ಬಿಟ್ಟರೆ ಮೇಲೇರುತ್ತದೆ. ಹಾಗಾಗಿ ನಿಧಾನವಾಗಿ ಹಾರುವಾಗ ಕಾಣುವ ಅಂಕಿಯನ್ನೇ ನಂಬಿ. ತುಂಬಿದ ಬ್ಯಾಟರಿಯಲ್ಲೂ ಕುಸಿತ ಜೋರಾಗಿದ್ದರೆ ಬ್ಯಾಟರಿಗೆ ವಯಸ್ಸಾಗಿದೆ. ಒಂದು ಸಲ ಮಲ್ಟಿಮೀಟರ್ ಹಿಡಿದು ಬೋರ್ಡ್ ತೋರಿಸುವ ಅಂಕಿಯನ್ನು ತಾಳೆ ನೋಡಿ. ಸೆಲ್‌ಗೆ 0.1 ವೋಲ್ಟ್ ವ್ಯತ್ಯಾಸ ಇದ್ದರೂ ಎಚ್ಚರಿಕೆ ತಡವಾಗಿ ಬರಬಹುದು.

## ಟ್ಯೂನಿಂಗ್

ಪಿ, ಐ, ಡಿ ಅಂದ್ರೆ ಏನು? ಗಣಿತ ಬೇಡ, ಸುಲಭವಾಗಿ ಹೇಳಿ.

ಅಂಗೈ ಮೇಲೆ ಕೋಲು ನಿಲ್ಲಿಸುವ ಆಟ ಆಡಿದ್ದೀರಲ್ಲ? ಕೋಲು ಎಷ್ಟು ವಾಲಿತೋ ಅಷ್ಟು ಕೈಯನ್ನು ಆ ಕಡೆ ಸರಿಸುತ್ತೀರಿ. ಅದು ಪಿ. ಬರೀ ಇಷ್ಟನ್ನೇ ಮಾಡಿದರೆ ಕೈ ಅತಿಯಾಗಿ ಹೋಗಿ ಕೋಲು ಆಚೆ ವಾಲುತ್ತದೆ, ಮತ್ತೆ ಈಚೆ, ಮತ್ತೆ ಆಚೆ. ಆದ್ದರಿಂದ ಕೋಲು ಎಷ್ಟು ಬೇಗ ವಾಲುತ್ತಿದೆ ಅನ್ನುವುದನ್ನೂ ಗಮನಿಸಿ, ನೇರವಾಗುವ ಮೊದಲೇ ಕೈಯನ್ನು ತಡೆಯುತ್ತೀರಿ. ಅದು ಡಿ, ಅಂದರೆ ಬ್ರೇಕು. ಈಗ ಒಂದು ಕಡೆಯಿಂದ ಫ್ಯಾನ್ ಗಾಳಿ ಬೀಸುತ್ತಿದೆ ಅನ್ನಿ. ಸ್ವಲ್ಪ ಹೊತ್ತಿಗೆ ನಿಮ್ಮ ಕೈ ತಾನಾಗಿ ಆ ಗಾಳಿಗೆ ಎದುರಾಗಿ ಒತ್ತು ಕೊಡುವುದನ್ನು ಕಲಿಯುತ್ತದೆ. ಹಿಂದಿನ ತಪ್ಪುಗಳನ್ನು ಕೂಡಿಸಿಟ್ಟುಕೊಂಡು ಕಲಿತ ಆ ಒತ್ತು ಐ.

ಡ್ರೋನ್‌ನಲ್ಲಿ ಇದೇ ಕೆಲಸ ಸೆಕೆಂಡಿಗೆ ಸಾವಿರಾರು ಸಲ ನಡೆಯುತ್ತದೆ. ಬ್ಯಾಟರಿ ಸ್ವಲ್ಪ ಹಿಂದೆ ಕೂತಿದ್ದರೂ ಮೂತಿ ಏಳದಂತೆ ನೋಡಿಕೊಳ್ಳುವುದು ಐ. ಪಲ್ಟಿಯ ಕೊನೆಯಲ್ಲಿ ಜಿಗಿಯದೆ ಗಕ್ಕನೆ ನಿಲ್ಲಿಸುವುದು ಡಿ. ಇವುಗಳ ಜೊತೆ ಫೀಡ್‌ಫಾರ್ವರ್ಡ್ ಅಂತ ಒಂದಿದೆ. ಅದು ತಪ್ಪಾಗುವವರೆಗೆ ಕಾಯದೆ ನಿಮ್ಮ ಸ್ಟಿಕ್ ಸರಿದ ವೇಗ ನೋಡಿ ಮೊದಲೇ ತಳ್ಳುತ್ತದೆ.

ಅಂದಹಾಗೆ ಇದು ಡ್ರೋನ್‌ಗಾಗಿ ಹುಟ್ಟಿದ್ದಲ್ಲ. ಹಡಗಿನ ಚುಕ್ಕಾಣಿ ಹಿಡಿದವರು ಹೇಗೆ ದಾರಿ ಸರಿಪಡಿಸುತ್ತಾರೆ ಅನ್ನುವುದನ್ನು ಗಮನಿಸಿ ನಿಕೊಲಾಸ್ ಮಿನೋರ್ಸ್ಕಿ 1922ರಲ್ಲಿ ಈ ಮೂರರ ಲೆಕ್ಕವನ್ನು ಬರೆದಿಟ್ಟರು.

ಡ್ರೋನ್ ನಡುಗುತ್ತೆ. ಪಿ ಕಡಿಮೆ ಮಾಡಲಾ, ಡಿ ಜಾಸ್ತಿ ಮಾಡಲಾ?

ಮೊದಲು ಸ್ಕ್ರೂಡ್ರೈವರ್ ತಗೊಳ್ಳಿ. ಸೊಟ್ಟಗಾದ ಪ್ರಾಪ್, ಸಡಿಲವಾದ ಮೋಟಾರ್ ಸ್ಕ್ರೂ, ಸೀಳು ಬಿಟ್ಟ ತೋಳು, ಬೋರ್ಡ್ ಕೆಳಗಿನ ಹರಿದ ರಬ್ಬರ್: ಇವಕ್ಕೆ ಪಿಐಡಿಯಲ್ಲಿ ಮದ್ದಿಲ್ಲ. ಪ್ರಾಪ್ ಬಿಚ್ಚಿ ಮೋಟಾರನ್ನು ಬೆರಳಿನಲ್ಲಿ ತಿರುಗಿಸಿ. ಬೇರಿಂಗ್ ಹೋಗಿದ್ದರೆ ಮರಳು ಸಿಕ್ಕಿಕೊಂಡಂತೆ ಗರಗರ ಅನ್ನುತ್ತದೆ.

ಅದೆಲ್ಲ ಸರಿ ಇದ್ದರೆ ನಡುಕದ ಜಾತಿ ಯಾವುದು ಅಂತ ನೋಡಿ. ಪಲ್ಟಿ ಹೊಡೆದು ನಿಲ್ಲಿಸಿದಾಗ ಒಂದೆರಡು ಸಲ ಜಿಗಿದರೆ ಪಿಗೆ ಹೋಲಿಸಿದರೆ ಡಿ ಸಾಲದು. ಪೂರ್ತಿ ಥ್ರಾಟಲ್‌ನಲ್ಲಿ ಮಾತ್ರ ಸಣ್ಣಗೆ, ವೇಗವಾಗಿ ನಡುಗಿ ಸದ್ದು ಕೀರಲಾದರೆ ಅಲ್ಲಿ ಗೇನ್ (ಪಿಐಡಿ ಅಂಕಿಗಳ ಬಲ) ಜಾಸ್ತಿಯಾಗಿದೆ. ಟಿಪಿಎ ಅನ್ನುವುದು ಥ್ರಾಟಲ್ ಏರಿದಂತೆ ಗೇನ್ ಇಳಿಸುತ್ತದೆ, ಅದನ್ನು ಸ್ವಲ್ಪ ಹೆಚ್ಚಿಸಿ. ಜೋರಾಗಿ ಥ್ರಾಟಲ್ ಕೊಟ್ಟಾಗ ಮೂತಿ ಒಂದು ಕಡೆ ಹೊರಳಿದರೆ ಐ ಕಡಿಮೆ. ತೊಟ್ಟಿಲಿನಂತೆ ನಿಧಾನಕ್ಕೆ ತೂಗಿದರೆ ಪಿಗೆ ಹೋಲಿಸಿದರೆ ಐ ಜಾಸ್ತಿ ಆಗಿರುವ ಸಾಧ್ಯತೆ ಇದೆ.

ಕೆಳಗೆ ಇಳಿಸುವಾಗ ಮಾತ್ರ ಒದ್ದಾಡುತ್ತೆ. ಇದು ಯಾಕೆ?

ತಾನೇ ಕೆಳಗೆ ತಳ್ಳಿದ ಗಾಳಿಯೊಳಗೆ ತಾನೇ ಇಳಿಯುತ್ತಿದೆ. ಆ ಗಾಳಿ ಕದಡಿ ಹೋಗಿರುತ್ತದೆ, ಪ್ರಾಪ್‌ಗೆ ಸರಿಯಾದ ಹಿಡಿತ ಸಿಗುವುದಿಲ್ಲ. ಇದಕ್ಕೆ ಪ್ರಾಪ್‌ವಾಶ್ ಅನ್ನುತ್ತಾರೆ. ಡಿ ಸ್ವಲ್ಪ ಏರಿಸಿದರೆ, ಮೋಟಾರ್ ವೇಗ ತೀರಾ ಇಳಿಯದಂತೆ ನೋಡಿಕೊಳ್ಳುವ ಡೈನಾಮಿಕ್ ಐಡಲ್ ಹಾಕಿದರೆ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ನೇರ ಕೆಳಗೆ ಇಳಿಸುವ ಬದಲು ಮುಂದೆ ಸಾಗುತ್ತಾ ಇಳಿಸಿ. ಅರ್ಧ ಸಮಸ್ಯೆ ಅಲ್ಲೇ ಕಳೆಯುತ್ತದೆ.

ಟ್ಯೂನ್ ಮಾಡೋಕೆ ಎಲ್ಲಿಂದ ಶುರು ಮಾಡಲಿ? ಒಂದೊಂದೇ ಹೇಳಿ.

ಬೀಟಾಫ್ಲೈಟ್ 4.3ರಿಂದ ಈಚೆಗೆ ಸ್ಲೈಡರ್‌ಗಳೇ ಸಾಕು, ಅಂಕಿಗಳನ್ನು ನೇರ ಮುಟ್ಟಬೇಕಾಗಿಲ್ಲ. ಹೊಸ ಪ್ರಾಪ್ ಹಾಕಿ. ನಡುವಿನಷ್ಟು ತುಂಬಿದ ಬ್ಯಾಟರಿಯಲ್ಲಿ, ಗಾಳಿ ಕಡಿಮೆ ಇರುವ ಹೊತ್ತಲ್ಲಿ ಹಾರಿಸಿ. ಫೀಡ್‌ಫಾರ್ವರ್ಡ್ ಮತ್ತು ಐ ಸ್ಲೈಡರ್‌ಗಳನ್ನು ಸದ್ಯಕ್ಕೆ ಕೆಳಗಿಳಿಸಿದರೆ ಪಿ ಮತ್ತು ಡಿಯ ಗುಣ ಸ್ಪಷ್ಟವಾಗಿ ಕಾಣುತ್ತದೆ.

ಮೊದಲು ಪಿ-ಡಿ ಸಮತೋಲ. ಆಕ್ರೋದಲ್ಲಿ ಎಡಕ್ಕೆ ಬಲಕ್ಕೆ ಗಕ್ಕನೆ ವಾಲಿಸಿ ನಿಲ್ಲಿಸಿ. ಜಿಗಿತ ಕಂಡರೆ ಡ್ಯಾಂಪಿಂಗ್ (ಅಂದರೆ ಡಿ) ಸ್ಲೈಡರನ್ನು ಒಂದು ಮೆಟ್ಟಿಲು ಏರಿಸಿ. ಮತ್ತೆ ಹಾರಿಸಿ. ಜಿಗಿತ ನಿಂತ ಮೇಲೆ ಮಾಸ್ಟರ್ ಸ್ಲೈಡರ್. ಅದು ಎಲ್ಲವನ್ನೂ ಒಂದೇ ಅನುಪಾತದಲ್ಲಿ ಏರಿಸುತ್ತದೆ. 0.1ರ ಹೆಜ್ಜೆಯಲ್ಲಿ ಏರಿಸುತ್ತಾ ಹೋಗಿ. ಪ್ರತಿ ಸಲವೂ ಮೂವತ್ತು ಸೆಕೆಂಡು ಹಾರಿಸಿ, ಇಳಿಸಿ, ಡಿಸಾರ್ಮ್ ಮಾಡಿ, ನಾಲ್ಕೂ ಮೋಟಾರ್ ಮುಟ್ಟಿ ನೋಡಿ. ಸದ್ದಿನಲ್ಲಿ ಒರಟುತನ ಬಂದ ತಕ್ಷಣ, ಇಲ್ಲವೇ ಮೋಟಾರ್ ಬಿಸಿಯಾದ ತಕ್ಷಣ ಎರಡು ಹೆಜ್ಜೆ ಹಿಂದೆ ಬನ್ನಿ. ಆಮೇಲೆ ಐ, ಕೊನೆಗೆ ಫೀಡ್‌ಫಾರ್ವರ್ಡ್ ವಾಪಸ್ ತನ್ನಿ.

ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಬದಲಾಯಿಸಿ ಚೆನ್ನಾಗಾದರೂ ಯಾವುದರಿಂದ ಅಂತ ಗೊತ್ತಾಗುವುದಿಲ್ಲ.

ಫ್ರೆಂಡ್ ಹತ್ರ ಅದೇ ಫ್ರೇಮ್, ಅದೇ ಮೋಟಾರ್ ಇದೆ. ಅವನ ನಂಬರ್ ಹಾಕಿಬಿಡ್ಲಾ?

ನಾನೂ ಹಾಗೆ ಮಾಡಿದ್ದೆ. ಗೆಳೆಯನ ಡ್ರೋನ್ ಹಳಿ ಮೇಲೆ ಹೋಗುವ ರೈಲಿನಂತೆ ಹಾರುತ್ತಿತ್ತು. ಅವನ ಅಂಕಿಗಳನ್ನೆಲ್ಲ ಎತ್ತಿ ನನ್ನದಕ್ಕೆ ಹಾಕಿದೆ. ಎರಡು ನಿಮಿಷ ಚೆನ್ನಾಗಿಯೇ ಹಾರಿತು, ಸದ್ದು ಮಾತ್ರ ಸ್ವಲ್ಪ ಒರಟು. ಇಳಿಸಿದಾಗ ಸುಟ್ಟ ವಾರ್ನಿಷ್ ವಾಸನೆ. ಒಂದು ಮೋಟಾರ್‌ನ ತಂತಿ ಕಪ್ಪಾಗಿತ್ತು. ಅವನ ಬೇರಿಂಗ್ ಹೊಸದು, ನನ್ನದು ಒಂದು ವರ್ಷ ಮಣ್ಣು ತಿಂದದ್ದು. ಅವನ ಡಿ ತಡೆಯುವಷ್ಟು ಶುಚಿಯಾದ ಗೈರೋ (ತಿರುಗುವ ವೇಗ ಅಳೆಯುವ ಸೆನ್ಸರ್) ಸಿಗ್ನಲ್ ನನ್ನ ಡ್ರೋನ್‌ನಲ್ಲಿ ಇರಲೇ ಇಲ್ಲ.

ರೇಟ್ಸ್ ಬೇಕಾದರೆ ಎರವಲು ತನ್ನಿ. ಪಿಐಡಿ ತಂದರೆ ಅದನ್ನು ಶುರುವಿನ ಅಂಕಿ ಅಂತಷ್ಟೇ ಇಟ್ಟುಕೊಳ್ಳಿ, ಮೊದಲ ಹಾರಾಟ ಮೂವತ್ತು ಸೆಕೆಂಡ್ ಮೀರದಿರಲಿ.

ಮೋಟಾರ್ ಎಷ್ಟು ಬಿಸಿಯಾದರೆ ಪರವಾಗಿಲ್ಲ?

ಬೆರಳಿಟ್ಟು ಐದು ಸೆಕೆಂಡ್ ಆರಾಮಾಗಿ ಹಿಡಿಯುವಂತಿದ್ದರೆ ಸರಿ. ತಟ್ಟನೆ ಕೈ ತೆಗೆಯಬೇಕು ಅನ್ನಿಸಿದರೆ ಆ ಸೆಟ್ಟಿಂಗ್‌ನಲ್ಲಿ ಮತ್ತೆ ಹಾರಿಸಬೇಡಿ. ಒಂದೇ ಮೋಟಾರ್ ಬಿಸಿಯಾದರೆ ತಪ್ಪು ಆ ಮೋಟಾರ್‌ನಲ್ಲೋ ಪ್ರಾಪ್‌ನಲ್ಲೋ ಇದೆ. ನಾಲ್ಕೂ ಬಿಸಿಯಾದರೆ ಡಿ ಜಾಸ್ತಿ, ಇಲ್ಲವೇ ಫಿಲ್ಟರ್ ಕಡಿಮೆ. ಡಿ ನೋಡುವುದು ಬದಲಾವಣೆಯ ವೇಗವನ್ನು. ಕಂಪನದ ಗದ್ದಲ ಬಹಳ ವೇಗವಾಗಿ ಬದಲಾಗುವಂಥದ್ದು, ಹಾಗಾಗಿ ಡಿ ಅದನ್ನು ಹಿಗ್ಗಿಸಿ ಮೋಟಾರ್‌ಗೆ ಕಳಿಸುತ್ತದೆ. ಮೋಟಾರ್ ಸೆಕೆಂಡಿಗೆ ನೂರಾರು ಸಲ ವೇಗ ಏರಿಸು, ಇಳಿಸು ಅನ್ನುವ ಆಜ್ಞೆ ಪಾಲಿಸಲು ಹೋಗಿ ಕರೆಂಟನ್ನೆಲ್ಲ ಶಾಖ ಮಾಡುತ್ತದೆ.

ಫಿಲ್ಟರ್ ಕಡಿಮೆ ಮಾಡಿದಷ್ಟೂ ಚೆನ್ನಾಗಿ ಹಾರುತ್ತೆ ಅಂತಾರೆ. ನಿಜಾನಾ?

ಅರ್ಧ ನಿಜ. ಪ್ರತಿ ಫಿಲ್ಟರೂ ಗದ್ದಲವನ್ನು ತೆಗೆಯುತ್ತದೆ, ಜೊತೆಗೆ ಸಿಗ್ನಲನ್ನು ಸ್ವಲ್ಪ ತಡ ಮಾಡುತ್ತದೆ. ತಡವಾದಷ್ಟೂ ಪ್ರಾಪ್‌ವಾಶ್ ಜಾಸ್ತಿ. ಆದರೆ ಸುಮ್ನೆ ಫಿಲ್ಟರ್ ಕಿತ್ತರೆ ಮೋಟಾರ್ ಸುಡುತ್ತದೆ.

ಮೊದಲು ಆರ್‌ಪಿಎಂ ಫಿಲ್ಟರ್ ಸರಿಯಾಗಿ ಹಾಕಿ. ಇದಕ್ಕೆ ಬೈಡೈರೆಕ್ಷನಲ್ ಡಿಶಾಟ್ ಬೇಕು, ಅಂದರೆ ಬೋರ್ಡ್ ಮತ್ತು ಇಎಸ್‌ಸಿ (ಮೋಟಾರ್ ವೇಗ ನಿಯಂತ್ರಿಸುವ ಸರ್ಕ್ಯೂಟ್) ಎರಡೂ ಕಡೆಯಿಂದ ಮಾತಾಡಬೇಕು. ಆಗ ಇಎಸ್‌ಸಿ ಪ್ರತಿ ಮೋಟಾರ್‌ನ ವೇಗವನ್ನು ಬೋರ್ಡ್‌ಗೆ ತಿಳಿಸುತ್ತದೆ, ಬೋರ್ಡ್ ಸರಿಯಾಗಿ ಆ ಕಂಪನವನ್ನೇ ಕತ್ತರಿಸುತ್ತದೆ. ಇಲ್ಲಿ ಜನ ತಪ್ಪುವುದು ಒಂದೇ ಕಡೆ: ಅಯಸ್ಕಾಂತಗಳ ಸಂಖ್ಯೆ. ಬೋರ್ಡ್ ಮೋಟಾರ್ ವೇಗದ ಲೆಕ್ಕ ಹಾಕುವುದು ಅದರಿಂದಲೇ. 5 ಇಂಚಿನ ಡ್ರೋನ್‌ಗಳ ಮೋಟಾರ್‌ನಲ್ಲಿ ಸಾಮಾನ್ಯವಾಗಿ 14, ತೀರಾ ಚಿಕ್ಕವುಗಳಲ್ಲಿ 12. ಮೋಟಾರ್‌ನ ತಿರುಗುವ ಗಂಟೆಯೊಳಗೆ ಅಂಟಿಸಿರುವುದನ್ನು ಎಣಿಸಬೇಕು, ತಂತಿ ಸುತ್ತಿದ ಹಲ್ಲುಗಳನ್ನಲ್ಲ. 14 ಇರುವ ಕಡೆ 12 ಅಂತ ಕೊಟ್ಟಿರಿ ಅನ್ನಿ. ಮೋಟಾರ್ ನಿಮಿಷಕ್ಕೆ 24,000 ಸುತ್ತು ತಿರುಗುವಾಗ ಕಂಪನ ಇರುವುದು 400 ಹರ್ಟ್ಸ್‌ನಲ್ಲಿ. ಫಿಲ್ಟರ್ ಹೋಗಿ ಕತ್ತರಿಸುವುದು ಸುಮಾರು 467ರಲ್ಲಿ. ಗದ್ದಲ ಇದ್ದಲ್ಲೇ ಇರುತ್ತದೆ, ನೀವು ಮಾತ್ರ ಫಿಲ್ಟರ್ ಇದೆ ಅಂದುಕೊಂಡು ಡಿ ಏರಿಸುತ್ತಿರುತ್ತೀರಿ.

ಆರ್‌ಪಿಎಂ ಫಿಲ್ಟರ್ ಕೆಲಸ ಮಾಡುತ್ತಿದೆ ಅಂತ ಖಾತ್ರಿಯಾದ ಮೇಲೆ ಗೈರೋ ಫಿಲ್ಟರ್ ಸ್ಲೈಡರನ್ನು ಒಂದೊಂದೇ ಹೆಜ್ಜೆ ಬಲಕ್ಕೆ ಸರಿಸಿ. ಡಿ-ಟರ್ಮ್ ಫಿಲ್ಟರ್ (ಡಿಗೆ ಮಾತ್ರ ಇರುವ ಫಿಲ್ಟರ್) ವಿಷಯದಲ್ಲಿ ನಾನು ಜುಗ್ಗ. ಡೀಫಾಲ್ಟ್‌ನಿಂದ ದೂರ ಹೋಗುವುದಿಲ್ಲ.

ಬ್ಲ್ಯಾಕ್‌ಬಾಕ್ಸ್ ನೋಡಲೇಬೇಕಾ?

ಕಿವಿ ಮತ್ತು ಬೆರಳಿನಿಂದ ಬಹಳ ದೂರ ಹೋಗಬಹುದು. ಏನು ಮಾಡಿದರೂ ನಡುಕ ನಿಲ್ಲದಿದ್ದಾಗ ಬ್ಲ್ಯಾಕ್‌ಬಾಕ್ಸ್ ಲಾಗ್, ಅಂದರೆ ಬೋರ್ಡ್ ಬರೆದಿಟ್ಟ ಹಾರಾಟದ ದಾಖಲೆ, ತೆಗೆಯಿರಿ. ನೀವು ಕೇಳಿದ ವೇಗದ ಗೆರೆ, ಗೈರೋ ಗೆರೆ ಎರಡನ್ನೂ ಒಂದರ ಮೇಲೊಂದು ಹಾಕಿ. ಗೈರೋ ಗೆರೆ ಹಿಂದೆ ಬಿದ್ದಿದೆಯಾ, ದಾಟಿ ಹೋಗಿದೆಯಾ ಅನ್ನುವುದು ಅಲ್ಲೇ ಕಾಣುತ್ತದೆ.

## ಜಿಪಿಎಸ್, ಫೇಲ್‌ಸೇಫ್, ಆಟೋಟ್ಯೂನ್

ಸಿಗ್ನಲ್ ಹೋದರೆ ಏನು ಮಾಡಬೇಕು ಅಂತ ಇಡೋದು? ಬೀಳಿಸೋದಾ, ವಾಪಸ್ ಕರೆಸೋದಾ?

ಹತ್ತಿರದಲ್ಲಿ, ತಗ್ಗಿನಲ್ಲಿ ಹಾರಿಸುವ ರೇಸ್ ಡ್ರೋನ್‌ಗೆ 'ಡ್ರಾಪ್' ಸರಿ. ಮೋಟಾರ್ ನಿಲ್ಲುತ್ತದೆ, ಅಲ್ಲೇ ಬೀಳುತ್ತದೆ. ಎತ್ತಲೋ ಹಾರಿಹೋಗಿ ಯಾರ ತಲೆಯ ಮೇಲೋ ಬೀಳುವುದಕ್ಕಿಂತ ಅದು ಮೇಲು. ದೂರ ಹೋಗುವ ಡ್ರೋನ್‌ಗೆ ತಾನೇ ವಾಪಸ್ ಬರುವ ಜಿಪಿಎಸ್ ರೆಸ್ಕ್ಯೂ ಇಡಿ. ಕನಿಷ್ಠ 8 ಉಪಗ್ರಹ ಸಿಕ್ಕು ಹೊರಡುವ ಜಾಗ (ಹೋಮ್) ಗುರುತಾದ ಮೇಲೆಯೇ ಮೇಲೆತ್ತಿ. ವಾಪಸ್ ಬರುವ ಎತ್ತರ ಸುತ್ತಲಿನ ಅತಿ ಎತ್ತರದ ಮರಕ್ಕಿಂತ, ಕಂಬಕ್ಕಿಂತ ಮೇಲಿರಲಿ. ರೆಡಿಮೇಡ್ ಕ್ಯಾಮೆರಾ ಡ್ರೋನ್‌ಗೂ ಇದೇ ಮಾತು. ಜಾಗ ಬದಲಾದಾಗಲೆಲ್ಲ ಆ ಅಂಕಿ ನೋಡಿ.

ಆಮೇಲೆ ಪರೀಕ್ಷೆ. ಪ್ರಾಪ್ ಬಿಚ್ಚಿ, ಆರ್ಮ್ ಮಾಡಿ, ಥ್ರಾಟಲ್ ಸ್ವಲ್ಪ ಏರಿಸಿ, ರಿಮೋಟ್ ಆಫ್ ಮಾಡಿ. ಡ್ರಾಪ್ ಇಟ್ಟಿದ್ದರೆ ಸ್ವಲ್ಪ ಹೊತ್ತಿಗೆ ಮೋಟಾರ್ ನಿಲ್ಲಬೇಕು. ತಿರುಗುತ್ತಲೇ ಇದ್ದರೆ ರಿಸೀವರ್ ಕೊನೆಯ ಅಂಕಿಯನ್ನೇ ಮತ್ತೆ ಮತ್ತೆ ಕಳಿಸುತ್ತಿದೆ. ಸಿಗ್ನಲ್ ಹೋದಾಗ ಏನನ್ನೂ ಕಳಿಸದಂತೆ ರಿಸೀವರ್‌ನಲ್ಲಿ ಬದಲಾಯಿಸಿ. ರೆಸ್ಕ್ಯೂವನ್ನು ಮೊದಲು ಸ್ವಿಚ್‌ಗೆ ಹಾಕಿ ಬಯಲಿನಲ್ಲಿ ಪ್ರಯತ್ನಿಸಿ. ಸ್ವಿಚ್ ವಾಪಸ್ ತಂದರೆ ಹಿಡಿತ ನಿಮ್ಮ ಕೈಗೆ ಬರುತ್ತದೆ.

ಜಿಪಿಎಸ್‌ನಲ್ಲಿ ನಿಲ್ಲಿಸಿದರೆ ಸುತ್ತು ಹೊಡೀತಾ ಹೋಗುತ್ತೆ, ಸುತ್ತು ದೊಡ್ಡದಾಗುತ್ತೆ.

ಹೆಚ್ಚಾಗಿ ಇದು ದಿಕ್ಸೂಚಿಯ ತಪ್ಪು. ಡ್ರೋನ್ ಉತ್ತರ ಅಂದುಕೊಂಡಿರುವುದು ಬೇರೆ, ನಿಜವಾದ ಉತ್ತರ ಬೇರೆ. ಜಾಗಕ್ಕೆ ವಾಪಸ್ ಬರಲು ಹೊರಟು ಪಕ್ಕಕ್ಕೆ ಹೋಗುತ್ತದೆ, ಮತ್ತೆ ತಿದ್ದುತ್ತದೆ, ಸುತ್ತಾಗುತ್ತದೆ. ಕಬ್ಬಿಣ, ವಾಹನ, ಕಾಂಕ್ರೀಟಿನೊಳಗಿನ ಸರಳುಗಳಿಂದ ದೂರ ನಿಂತು ಕ್ಯಾಲಿಬ್ರೇಟ್ ಮಾಡಿ. ಜೇಬಿನ ಫೋನ್ ಕೂಡ ದೂರ ಇಡಿ. ಆಮೇಲೂ ಹೋಗದಿದ್ದರೆ ದಿಕ್ಸೂಚಿ ಬ್ಯಾಟರಿ ತಂತಿಗೆ ತೀರಾ ಹತ್ತಿರ ಇದೆ. ಜಿಪಿಎಸ್ ಅನ್ನು ಕಂಬದ ಮೇಲೆ ಎತ್ತಿ ಕೂರಿಸುವುದು ಇದಕ್ಕೇ.

ಆರ್ಡುಪೈಲಟ್‌ನ ಆಟೋಟ್ಯೂನ್ ನಂಬಬಹುದಾ?

ಆರ್ಡುಪೈಲಟ್ ಇನ್ನೊಂದು ಫರ್ಮ್‌ವೇರ್. ಅದರ ಆಟೋಟ್ಯೂನ್ ಹಾರಾಡುತ್ತಲೇ ಪಿಐಡಿ ಅಂಕಿಗಳನ್ನು ತಾನೇ ಹುಡುಕುತ್ತದೆ. ಮೊದಲೇ ಸುಮಾರಾಗಿ ಹಾರುವ ಡ್ರೋನ್‌ಗೆ ನಂಬಬಹುದು. ನಡುಗುವ ಡ್ರೋನನ್ನು ಅದರ ಕೈಗೆ ಕೊಡಬೇಡಿ. ಗಾಳಿ ಇಲ್ಲದ ದಿನ, ದೊಡ್ಡ ಬಯಲು, ತುಂಬಿದ ಬ್ಯಾಟರಿ. ಎತ್ತರ ಹಿಡಿಯುವ ಮೋಡ್‌ನಲ್ಲಿ ನಿಲ್ಲಿಸಿ ಸ್ವಿಚ್ ಹಾಕಿದರೆ ಡ್ರೋನ್ ಆ ಕಡೆ ಈ ಕಡೆ ಜಾಡಿಸಲು ಶುರು ಮಾಡುತ್ತದೆ. ಮೊದಲ ಸಲ ನೋಡಿದವರಿಗೆ ಹುಚ್ಚು ಹಿಡಿದಂತೆ ಕಾಣುತ್ತದೆ. ಮೊದಲು ರೋಲ್ (ಎಡ-ಬಲ ವಾಲುವುದು), ಆಮೇಲೆ ಪಿಚ್ (ಮೂತಿ ಮೇಲೆ-ಕೆಳಗೆ), ಕೊನೆಗೆ ಯಾ (ಬುಗುರಿಯಂತೆ ಸುತ್ತುವುದು). ದೂರ ತೇಲಿದರೆ ಸ್ಟಿಕ್ ಹಿಡಿದು ವಾಪಸ್ ತನ್ನಿ. ಸ್ಟಿಕ್ ಬಿಟ್ಟರೆ ನಿಲ್ಲಿಸಿದಲ್ಲಿಂದ ಮುಂದುವರಿಸುತ್ತದೆ. ಬ್ಯಾಟರಿ ಸಾಲದಿದ್ದರೆ ಒಂದು ಹಾರಾಟಕ್ಕೆ ಒಂದೇ ಅಕ್ಷ ಆರಿಸಿಕೊಳ್ಳಬಹುದು.

ಮುಗಿದ ಮೇಲೆ ಸ್ವಿಚ್ ಆಟೋಟ್ಯೂನ್‌ನಲ್ಲೇ ಇರುವಾಗ ಇಳಿಸಿ ಡಿಸಾರ್ಮ್ ಮಾಡಬೇಕು. ಆಗ ಮಾತ್ರ ಹೊಸ ಅಂಕಿ ಉಳಿಯುತ್ತದೆ. ಖುಷಿಯಲ್ಲಿ ಸ್ವಿಚ್ ವಾಪಸ್ ಹಾಕಿ ಇಳಿಸಿದವರು ಮಾರನೇ ದಿನ ಮತ್ತೆ ಅದೇ ಬಯಲಿಗೆ ಹೋಗುತ್ತಾರೆ.

ಕ್ಯಾಮೆರಾ ಕೂರಿಸಿದೆ, ದೊಡ್ಡ ಬ್ಯಾಟರಿ ಹಾಕಿದೆ. ಮತ್ತೆ ಟ್ಯೂನ್ ಮಾಡಬೇಕಾ?

ಭಾರ ನಡುಮಧ್ಯದಲ್ಲಿದ್ದು ಸ್ವಲ್ಪವೇ ಜಾಸ್ತಿಯಾಗಿದ್ದರೆ ಬೇಡ. ಮೂತಿಯ ತುದಿಯಲ್ಲಿ ಕ್ಯಾಮೆರಾ ಕೂರಿಸಿದರೆ ಪಿಚ್ ಅಕ್ಷ ಮಂದವಾಗುತ್ತದೆ. ಪಿಚ್‌ಗೆ ಮಾತ್ರ ಪಿ, ಡಿ ಸ್ವಲ್ಪ ಏರಿಸಿ. ಅದಕ್ಕಿಂತ ಮೊದಲು ಬ್ಯಾಟರಿಯನ್ನು ಒಂದೆರಡು ಸೆಂಟಿಮೀಟರ್ ಹಿಂದೆ ಸರಿಸಿ ನೋಡಿ. ಡ್ರೋನನ್ನು ನಡುಮಧ್ಯದಲ್ಲಿ ಎರಡು ಬೆರಳ ಮೇಲೆ ಎತ್ತಿ. ಮೂತಿ ಕೆಳಗೆ ಬೀಳದೆ ಸಮವಾಗಿ ನಿಂತರೆ ಲ್ಯಾಪ್‌ಟಾಪ್ ತೆರೆಯುವ ಕೆಲಸವೇ ತಪ್ಪುತ್ತದೆ.